ಹೊಲದಲ್ಲಿ ಸಿಕ್ಕ ಕೋಡು

ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ರಸ್ತೆಯನ್ನು ಬಿಟ್ಟು, ಎರೆಹೊಲಗಳ ನಡುವಣ ಗಾಡಿದಾರಿಯನ್ನು ಹಿಡಿದು ಎರಡು ಮೈಲಿಯಷ್ಟು ನಡೆದರೆ ಸಿಗುವ ಒಂದು ಸಣ್ಣ ಊರಿನಲ್ಲಿ ನನ್ನ ಹಳೆಯ ಮಿತ್ರರೊಬ್ಬರಿದ್ದಾರೆ. ಒಕ್ಕಲುತನವೇ ಅವರ ಕುಲವೃತ್ತಿ; ಹಗಲೆಲ್ಲ ಹೊಲ, ಸಂಜೆಗೆ ಪಡಸಾಲೆ, ಪಡಸಾಲೆಗೆ ಬಂದವರಿಗೆ ಚಹಾ. ಆ ಪಡಸಾಲೆಯ ಗೋಡೆಯಲ್ಲಿ, ಬೀಜದ ಕಂಪನಿಯವರು ಕೊಟ್ಟ ಕ್ಯಾಲೆಂಡರಿಗೂ ಎತ್ತಿನ ಹಗ್ಗ ಬಾರುಕೋಲುಗಳಿಗೂ ನಡುವೆ, ಮರದ ಗೂಟಕ್ಕೆ ಸಿಕ್ಕಿಸಿದ್ದ ಒಂದು ಹೊಸ ವಸ್ತು ಕಳೆದ ಸುಗ್ಗಿಯಲ್ಲಿ ಅವರ ಮನೆಗೆ ಹೋದಾಗ ನನ್ನ ಕಣ್ಣಿಗೆ ಬಿತ್ತು. ಅದು ಗಂಡು ಚಿಗರಿಯ ತಲೆಬುರುಡೆ. ಮೇಲೆ ಎರಡು ಕೋಡು.

ಕೈಗೆ ಕೊಡಿರೆಂದು ಕೇಳಿದೆ, ಕೊಟ್ಟರು. ಬಿಸಿಲಿನಲ್ಲಿ ಬೆಂದು ಸುಣ್ಣದ ಬಣ್ಣಕ್ಕೆ ತಿರುಗಿದ್ದ ಎಲುಬಿನ ಕಣ್ಗುಳಿಯೊಳಗೆ ಎರೆಮಣ್ಣಿನ ಒಂದು ಹೆಂಟೆ ಇನ್ನೂ ಒಣಗಿ ಕುಳಿತಿತ್ತು. ಮೂಗಿನ ಕಡೆಯ ತೆಳ್ಳನೆಯ ಎಲುಬನ್ನು ಯಾವುದೋ ಪ್ರಾಣಿ ಕಡಿದು ಮುರಿದಿತ್ತು. ಕೋಡುಗಳು ಮಾತ್ರ ಕಪ್ಪಾಗಿ, ಬುಡದಿಂದ ಮುಕ್ಕಾಲು ಪಾಲಿನವರೆಗೂ ಬಳೆ ತೊಡಿಸಿದಂತೆ ಉಂಗುರ ಉಂಗುರವಾಗಿ, ತುದಿಯಲ್ಲಿ ನುಣ್ಣಗಾಗಿ, ತಿರುಚಿ ತಿರುಚಿ ಮೇಲಕ್ಕೆದ್ದಿದ್ದುವು. ನಾನು ಬಲಗಡೆಯ ಕೋಡನ್ನು ಹಿಡಿದು ಸ್ವಲ್ಪ ತಿರುವಿದಾಗ ಅದು ಕಿತ್ತು ಕೈಗೆ ಬಂತು. ಮುರಿಯಿತೆಂದು ಗಾಬರಿಯಾದೆ. ಮುರಿದಿರಲಿಲ್ಲ, ಕತ್ತಿಯನ್ನು ಒರೆಯಿಂದ ಹಿರಿದಂತೆ, ಟೊಳ್ಳಾದ ಕಪ್ಪು ಕವಚವು ಹೊರಬಂದು, ಒಳಗಿನ ಬೆಳ್ಳಗಿನ ಎಲುಬಿನ ಗೂಟವು ಬುರುಡೆಯ ಮೇಲೆ ಹಾಗೆಯೇ ನಿಂತಿತ್ತು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಹೇಳುವುದಕ್ಕೆಲ್ಲ ಇದರ ಪ್ರಯೋಜನವುಂಟು.

ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವೆಂಬುದು ತಮಗೆ ತಿಳಿದಿದೆಯೇ ಎಂದು ಕೇಳಿದೆ. ಅವರು ನಕ್ಕರು. "ಕುಂಟಿ ಹೊಡಿಯಾಕ ಹೋದಾಗ ಸಿಕ್ತರೀ ಸರ. ನಾಯಿ ತಿಂದು ಬಿಟ್ಟಿದ್ದು. ನಾ ಏನ್ ಕೊಂದಿಲ್ಲ, ಮಾರಿಲ್ಲ. ನನ್ನ ಹೊಲದಾಗ ಬಿದ್ದಿದ್ದು ನನ್ನ ಮನಿಗೆ ತಂದೀನಿ. ಇದರಾಗ ತಪ್ಪೇನೈತ್ರಿ?" ಎಂದರು. ಒಂದು ಗುಟುಕು ಚಹಾ ಕುಡಿದು, "ಹೋದ ಮುಂಗಾರಿಗಿ ನನ್ನ ಹೆಸರು ಬೆಳಿ ಪೂರಾ ಮೇದು ಹೋಗ್ಯಾವ. ಅವು ತಿಂದದ್ದಕ್ಕ ಬದಲಾಗಿ ಒಂದ್ ಕೋಡರ ಇರಲಿ ಬಿಡ್ರಿ" ಎಂದು ಸೇರಿಸಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಗದಗ-ಬೆಟಗೇರಿಯ ಹಳೆಯ ಮನೆಗಳ ಅಟ್ಟದ ಮೇಲೆ, ಮುಂಡರಗಿಯ ಕಡೆಯ ಕುರಿಹಟ್ಟಿಗಳಲ್ಲಿ, ಕಪ್ಪತಗುಡ್ಡದ ಸುತ್ತಿನ ಊರುಗಳಲ್ಲಿ ಇದೇ ಮಾತನ್ನು ಇದೇ ನಿಷ್ಕಪಟಭಾವದಿಂದ ಹೇಳುವವರು ಎಷ್ಟೋ ಮಂದಿ. ಕೊಲ್ಲುವುದು ತಪ್ಪೆಂಬುದನ್ನು ಎಲ್ಲರೂ ಬಲ್ಲರು; ಬಿದ್ದುದನ್ನು ಆಯುವುದು ಹೇಗೆ ತಪ್ಪಾಯಿತೆಂಬುದು ಮಾತ್ರ ಸುಲಭವಾಗಿ ಮನಸ್ಸಿಗೆ ಹಿಡಿಯುವುದಿಲ್ಲ.

ಮೊದಲನೆಯದಾಗಿ, ನಮ್ಮ ಭಾಷೆಯೇ ಇಲ್ಲಿ ಒಂದು ಗೊಂದಲಕ್ಕೆ ಅವಕಾಶ ಕೊಟ್ಟಿದೆ. ಕೋಡು, ಕೊಂಬು, ಶೃಂಗ, ವಿಷಾಣ ಎಂದು ಎಷ್ಟು ಶಬ್ದಗಳಿದ್ದರೂ ಅವೆಲ್ಲವೂ ಎರಡು ಸರ್ವಥಾ ಭಿನ್ನವಾದ ಪದಾರ್ಥಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತವೆ. ಚುಕ್ಕೆಜಿಂಕೆ, ಕಡವೆ ಮೊದಲಾದುವುಗಳ ತಲೆಯ ಮೇಲಿರುವುದು ಕವಲೊಡೆದ ಎಲುಬು. ಎಳತಾಗಿರುವಾಗ ಅದರ ಮೇಲೆ ಮಖಮಲ್ಲಿನಂಥ ತುಪ್ಪುಳಿನ ಚರ್ಮವಿದ್ದು, ರಕ್ತಸಂಚಾರದಿಂದ ಅತಿಶೀಘ್ರವಾಗಿ ಬೆಳೆದು, ಚರ್ಮವು ಕಳಚಿ ಎಲುಬು ಗಟ್ಟಿಯಾಗಿ, ವರ್ಷಕ್ಕೊಮ್ಮೆ ತಾನಾಗಿಯೇ ಬುಡದಲ್ಲಿ ಸಡಿಲಗೊಂಡು ಉದುರಿಬೀಳುತ್ತದೆ. ಅನಂತರ ಹೊಸತು ಹುಟ್ಟುತ್ತದೆ. ನಮ್ಮ ಸೀಮೆಯ ಚಿಗರಿಯದು ಹಾಗಲ್ಲ. ಕೃಷ್ಣಮೃಗವೆಂದು ಗ್ರಂಥಗಳಲ್ಲಿಯೂ, ಹುಲ್ಲೆ ಎರಳೆಯೆಂದು ಹಳೆಯ ಕಾವ್ಯಗಳಲ್ಲಿಯೂ, ಚಿಗರಿಯೆಂದು ನಮ್ಮ ಬಾಯಲ್ಲಿಯೂ ಕರೆಯಿಸಿಕೊಳ್ಳುವ ಈ ಪ್ರಾಣಿ ಜಿಂಕೆಯ ಕುಲದ್ದಲ್ಲ. ದನ, ಕುರಿ, ಮೇಕೆಗಳ ಬಳಗಕ್ಕೆ ಸೇರಿದ್ದು. ಅದರ ಕೋಡು ಎಲುಬಿನ ಗೂಟದ ಮೇಲೆ ಉಗುರಿನ ದ್ರವ್ಯದಿಂದಾದ ಕವಚ. ಜೀವವಿರುವ ತನಕ ಅದು ಉದುರುವುದಿಲ್ಲ, ಒಮ್ಮೆ ಮುರಿದರೆ ಮರಳಿ ಹುಟ್ಟುವುದಿಲ್ಲ. ಹದಿನೆಂಟನೆಯ ಶತಮಾನದ ಲಿನೇಯಸ್ ಪಂಡಿತನು 1758ರಲ್ಲಿ ಈ ಪ್ರಾಣಿಗೆ 'ಸರ್ವಿಕಾಪ್ರ' ಎಂಬ ಹೆಸರಿಟ್ಟನು. ಲ್ಯಾಟಿನಿನಲ್ಲಿ ಅದಕ್ಕೆ ಜಿಂಕೆಮೇಕೆ ಎಂಬ ಅರ್ಥ ಬರುವುದರಿಂದ, ಗೊಂದಲವು ನಮ್ಮೊಬ್ಬರದೇ ಅಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು.

ಆದುದರಿಂದ ಎರೆಹೊಲದಲ್ಲಿ ಚಿಗರಿಯ ಕೋಡೊಂದು ಸಿಕ್ಕಿತೆಂದರೆ ಅಲ್ಲಿ ಒಂದು ಗಂಡು ಚಿಗರಿ ಸತ್ತಿದೆಯೆಂದೇ ಅರ್ಥ. ಅದು ಉದುರಿಸಿ ಹೋದದ್ದಲ್ಲ. ಊರನಾಯಿಗಳು ಅಟ್ಟಿಸಿಕೊಂಡು ಹೋಗಿ ಕೊಂದಿರಬಹುದು, ರಾತ್ರಿ ರಸ್ತೆ ದಾಟುವಾಗ ಲಾರಿಗೆ ಸಿಕ್ಕು, ಹೊಲದವರೆಗೂ ತೆವಳಿ ಬಂದು ಬಿದ್ದಿರಬಹುದು, ಕಟ್ಟೆಯಿಲ್ಲದ ಬಾವಿಯಲ್ಲಿ ಬಿದ್ದು ಸತ್ತುದನ್ನು ಯಾರೋ ಎತ್ತಿ ಹಾಕಿರಬಹುದು, ಬೇಲಿಗೆ ಹರಿಸಿದ ವಿದ್ಯುತ್ತು ತಗುಲಿರಬಹುದು, ಉರುಲು ಹಾಕಿರಬಹುದು, ಗುಂಡು ಹೊಡೆದಿರಬಹುದು. ನಾಲ್ಕು ತಿಂಗಳು ಬಿಸಿಲು ಮಳೆ ತಿಂದ ಬುರುಡೆಯನ್ನು ಕೈಯಲ್ಲಿ ಹಿಡಿದು ಇವುಗಳಲ್ಲಿ ಯಾವುದೆಂದು ಹೇಳಬಲ್ಲವರು ಯಾರು? ನನ್ನ ಮಿತ್ರರು ನಾಯಿಯೆಂದರು. ನಾಯಿ ತಿಂದದ್ದನ್ನು ಅವರು ಕಂಡಿದ್ದರು, ಕೊಂದದ್ದನ್ನು ಕಂಡಿರಲಿಲ್ಲ.

ನಮ್ಮ ಕಾನೂನಿನ ತಳಹದಿ ಇರುವುದು ಈ ಮೂಕ ಎಲುಬಿನಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಸತ್ತುಬಿದ್ದು ಸಿಕ್ಕ ವನ್ಯಪ್ರಾಣಿಯು ಸರಕಾರದ ಸ್ವತ್ತು. ಹೊಲ ಯಾರದೆಂಬುದು ಇಲ್ಲಿ ಅಪ್ರಸ್ತುತ. ಭೂಮಿಯ ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಅದರ ಮೇಲೆ ಮೇದು, ಓಡಿ, ಸತ್ತ ಪ್ರಾಣಿಯ ಅಸ್ಥಿಗೂ ಒಡೆತನ ಬಂದಂತಾಗುವುದಿಲ್ಲ. ಅಂಥ ಸ್ವತ್ತು ಯಾವ ರೀತಿಯಿಂದಲೇ ಆಗಲಿ ಯಾರ ಕೈಗಾದರೂ ಬಂದರೆ, ಬಂದ 48 ಗಂಟೆಗಳೊಳಗಾಗಿ ಸಮೀಪದ ಪೊಲೀಸ್ ಠಾಣೆಗೆ ಇಲ್ಲವೆ ಅಧಿಕಾರವುಳ್ಳ ಅರಣ್ಯಾಧಿಕಾರಿಗೆ ತಿಳಿಸಬೇಕು. ಅವರು ಕೇಳಿದರೆ ಒಪ್ಪಿಸಬೇಕು. ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಪರರಿಗೆ ಕೊಡುವಂತಿಲ್ಲ. ಭಯದಿಂದ ಸುಟ್ಟುಹಾಕುವಂತೆಯೂ ಇಲ್ಲ, ಏಕೆಂದರೆ ನಾಶಪಡಿಸುವುದು ಕೂಡ ಅದೇ ಕಲಮಿನಲ್ಲಿ ನಿಷಿದ್ಧ. ಇನ್ನು 57ನೆಯ ಕಲಮು ಹೇಳುವುದು ಮತ್ತೂ ಕಠಿನವಾದ ಮಾತು: ವಸ್ತುವು ಒಬ್ಬನ ವಶದಲ್ಲಿತ್ತೆಂದು ಸಿದ್ಧವಾದ ಮೇಲೆ, ಅದು ಅಕ್ರಮವಾಗಿಯೇ ಅವನಲ್ಲಿತ್ತೆಂದು ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಹೊಣೆ ಅವನದು.

ಸಾಧಾರಣ ನ್ಯಾಯದಲ್ಲಿ ತಪ್ಪು ಮಾಡಿದನೆಂದು ಆರೋಪಿಸಿದವನು ಸಾಧಿಸಬೇಕಲ್ಲದೆ ಮಾಡಿಲ್ಲವೆಂದು ಆರೋಪಿತನು ಸಾಧಿಸಬೇಕಾಗಿಲ್ಲ. ಇಲ್ಲಿ ಆ ಕ್ರಮವನ್ನು ತಿರುಗುಮುರುಗು ಮಾಡಿದುದು ಅನ್ಯಾಯವೆಂದು ಮೇಲುನೋಟಕ್ಕೆ ತೋರುವುದು ಸಹಜ. ನನಗೂ ಬಹುಕಾಲ ಹಾಗೆಯೇ ತೋರಿತ್ತು. ಆದರೆ ಬೇಟೆಗಾರನ ಪಕ್ಷದಿಂದ ಒಮ್ಮೆ ಯೋಚಿಸಿ ನೋಡಬೇಕು. ಮಾಂಸವನ್ನು ಅಂದೇ ರಾತ್ರಿ ಬೇಯಿಸಿ ಮುಗಿಸಿದ್ದಾನೆ, ಚರ್ಮವನ್ನು ಹೂತಿದ್ದಾನೆ, ಉಳಿದಿರುವುದು ಕೋಡು. ಯಾರಾದರೂ ಕೇಳಿದರೆ "ಹೊಲದಾಗ ಸಿಕ್ತರೀ" ಎಂಬ ಎರಡು ಶಬ್ದಗಳಿಗಿಂತ ಅಗ್ಗವಾದ ರಕ್ಷಣೆ ಅವನಿಗೆ ಮತ್ತಾವುದಿದೆ? ನನ್ನ ಮಿತ್ರರ ಸತ್ಯವೂ ಅವನ ಸುಳ್ಳೂ ಅಕ್ಷರಶಃ ಒಂದೇ. ಇವೆರಡನ್ನು ಬೇರ್ಪಡಿಸಬಲ್ಲದ್ದು ಆ 48 ಗಂಟೆಗಳ ಅವಧಿಯೊಂದೇ ಎಂದು ನನಗೆ ಈಗ ಅನಿಸುತ್ತದೆ. ಸಿಕ್ಕ ಕೂಡಲೆ ಹೋಗಿ ಹೇಳಿದವನು ಆ ಸಾವಿನ ಸಾಕ್ಷಿ. ಹೇಳದೆ ಗೂಟಕ್ಕೆ ಸಿಕ್ಕಿಸಿದವನು, ಪಾಪ, ತಾನಾಗಿಯೇ ಸಂದೇಹದ ಪಂಕ್ತಿಯಲ್ಲಿ ಹೋಗಿ ಕುಳಿತವನು.

ಶಿಕ್ಷೆಯೂ ಅಲ್ಪವಲ್ಲ. ಕೃಷ್ಣಮೃಗವು ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿ ಆನೆಗಳೊಡನೆ ಸಮಾನಸ್ಥಾನದಲ್ಲಿರುವ ಪ್ರಾಣಿ. 2022ರ ತಿದ್ದುಪಡಿಯಾದ ಮೇಲೆ, ಈ ಅನುಸೂಚಿಯ ಪ್ರಾಣಿಗಳಿಗೂ ಅವುಗಳ ಅವಶೇಷಗಳಿಗೂ ಸಂಬಂಧಿಸಿದ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆ ಮತ್ತು ಕನಿಷ್ಠ 25,000 ರೂಪಾಯಿ ದಂಡ. 'ಟ್ರೋಫಿ' ಎಂದು ಕಾಯ್ದೆಯು ಕರೆಯುವ ವಸ್ತುಗಳ ಯಾದಿಯನ್ನು ಓದಿದರೆ ಅದರ ವ್ಯಾಪ್ತಿ ತಿಳಿಯುತ್ತದೆ: ಕೋಡು, ಎಲುಬು, ಚಿಪ್ಪು, ಕೂದಲು, ಗರಿ, ಉಗುರು, ಹಲ್ಲು, ದಂತ, ಕಸ್ತೂರಿ, ಮೊಟ್ಟೆ, ಗೂಡು, ಕೊನೆಗೆ ಜೇನುಹುಟ್ಟಿನವರೆಗೂ ಅದು ಬಂದಿದೆ. ನವಿಲಿನ ಬಾಲದ ಗರಿಗೆ ಮಾತ್ರ ವ್ಯಾಪಾರದ ನಿರ್ಬಂಧಗಳಿಂದ ವಿನಾಯಿತಿಯನ್ನಿತ್ತು, ಜಾತ್ರೆಯ ಗರಿ ಮಾರುವವರನ್ನೂ ದೇವರ ಕಿರೀಟವನ್ನೂ ಶಾಸನಕರ್ತರು ಉಳಿಸಿದ್ದಾರೆ. ಮೊಲದ ಕೊಂಬಿಗೆ ಯಾವ ಅಪ್ಪಣೆಯೂ ಬೇಡ. ಅದನ್ನು ತಾರ್ಕಿಕರು ನಿರ್ಭಯವಾಗಿ ಇಟ್ಟುಕೊಳ್ಳಬಹುದು. ಹಾಗೆಯೇ ನಮ್ಮ ಎತ್ತು, ಎಮ್ಮೆ, ಟಗರುಗಳ ಕೋಡಿಗೂ ಈ ಕಾಯ್ದೆಗೂ ಸಂಬಂಧವಿಲ್ಲ. ಕಾರಹುಣ್ಣಿಮೆಗೆ ಬಣ್ಣ ಬಳಿದುಕೊಂಡ ಎತ್ತಿನ ಕೋಡು ಅದು ಸತ್ತ ಮೇಲೂ ಒಕ್ಕಲಿಗನದೇ.

ಉದುರಿದ ಕೋಡಿನ ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದದ್ದು. ಚುಕ್ಕೆಜಿಂಕೆ ತನ್ನ ಕೋಡನ್ನು ಉದುರಿಸಿ, ಆರೋಗ್ಯವಾಗಿ, ನಾಳೆ ಹೊಸತನ್ನು ಬೆಳೆಸಿಕೊಳ್ಳಲು ಹೊರಟುಹೋಗಿದೆ. ಯಾರೂ ಸತ್ತಿಲ್ಲ, ಯಾರನ್ನೂ ಕೊಂದಿಲ್ಲ. ಹಾಗಿದ್ದಮೇಲೆ ಸತ್ತ ಪ್ರಾಣಿಯ ಕಲಮು ಇದಕ್ಕೆ ಹೇಗೆ ಹತ್ತೀತೆಂದು ಚತುರನಾದ ವಕೀಲನು ವಾದಿಸಬಲ್ಲನು. ವಾದ ಸೊಗಸಾಗಿಯೇ ಇದೆ. ಆದರೆ ಟ್ರೋಫಿಯ ಯಾದಿಯಲ್ಲಿ ಕವಲುಗೋಡಿನ ಹೆಸರು ಸ್ಪಷ್ಟವಾಗಿದೆ; ಅದಲ್ಲದೆ ಕಾಡಿನೊಳಗಿಂದ ತಂದ ಕೋಡು, ಎಲುಬುಗಳನ್ನು ಅರಣ್ಯದ ಕಾನೂನು ಕಟ್ಟಿಗೆ, ಜೇನು, ಅಂಟುಗಳಂತೆ ಅರಣ್ಯೋತ್ಪನ್ನವೆಂದೇ ಗಣಿಸುತ್ತದೆ. ಕಪ್ಪತಗುಡ್ಡದ ಮಟ್ಟಿಗಂತೂ ವಾದಕ್ಕೆ ಎಡೆಯೇ ಉಳಿದಿಲ್ಲ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಆ ಗುಡ್ಡದ ಸಾಲಿನಲ್ಲಿ 244 ಚದರ ಕಿಲೋಮೀಟರಿಗೂ ಮಿಕ್ಕಿದ ಪ್ರದೇಶವನ್ನು 2019ರ ಮೇ ತಿಂಗಳಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದಕ್ಕೂ ಮೊದಲು ಅದೇ ಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಪ್ರದೇಶದ ಪಟ್ಟ ಕಟ್ಟಿ, ಮರುವರ್ಷ ಕಿತ್ತು, 2017ರಲ್ಲಿ ಗದಗಿನ ತೋಂಟದಾರ್ಯ ಮಠದ ಶ್ರೀಗಳ ಮುಂದಾಳುತನದಲ್ಲಿ ಜನ ಎದ್ದುನಿಂತ ಮೇಲೆ ಮರಳಿ ಕಟ್ಟಿದ ಕಥೆಯನ್ನು ಈ ಭಾಗದವರು ಮರೆತಿಲ್ಲ. ವನ್ಯಜೀವಿಧಾಮದ ಎಲ್ಲೆಯೊಳಗಿಂದ ಪರವಾನಗಿಯಿಲ್ಲದೆ ಯಾವುದನ್ನೂ ಹೊರಗೆ ಒಯ್ಯುವಂತಿಲ್ಲ. ಕಪ್ಪತಮಲ್ಲೇಶ್ವರನ ದರ್ಶನಕ್ಕೆ ಹೋದವರು ಹಾದಿಯಲ್ಲಿ ಕೊಂಡಕುರಿಯ ಬುರುಡೆ ಕಂಡರೆ, ಅದರ ಮೇಲಿನ ನಾಲ್ಕು ಪುಟ್ಟ ಕೋಡುಗಳನ್ನು ಮನಸಾರೆ ನೋಡಿ ಬರಬಹುದು. ನಾಲ್ಕು ಕೋಡಿನ ವನ್ಯಮೃಗ ಬೇರೊಂದು ಇಲ್ಲವಾದ್ದರಿಂದ ನೋಡುವುದು ಯೋಗ್ಯವೂ ಹೌದು. ಜೋಳಿಗೆಗೆ ಹಾಕಿಕೊಂಡರೆ ಮಾತ್ರ ದರ್ಶನವು ದುಬಾರಿಯಾದೀತು.

ಅಲ್ಲಿಯೇ ಬಿಟ್ಟು ಬಂದರೆ ಅದು ವ್ಯರ್ಥವಾಗುವುದೆಂದು ತಿಳಿಯಬಾರದು. ಮುಳ್ಳುಹಂದಿಗೆ ಎಲುಬೆಂದರೆ ಪರಮಾನ್ನ. ರಾತ್ರಿಯೆಲ್ಲ ಕೂತು ಅದನ್ನು ಕಡಿಯುತ್ತದೆ. ಸುಣ್ಣ ಮತ್ತು ರಂಜಕಗಳು ಹುಲ್ಲಿನಲ್ಲಿ ಸಾಲದೆ ಹೋದಾಗ ಜಿಂಕೆಗಳು ಸಹ ಬಿದ್ದ ಕೋಡನ್ನೂ ಎಲುಬನ್ನೂ ಅಗಿಯುವುದುಂಟು. ಸಣ್ಣ ಇಲಿಯ ಹಲ್ಲಿನ ಗುರುತುಗಳು ಸಾಲಾಗಿ, ಚಮ್ಮಾರನು ಉಳಿಯಿಂದ ಗೀರಿದಂತೆ, ಹಳೆಯ ಎಲುಬುಗಳ ಅಂಚಿನಲ್ಲಿ ಕಾಣುತ್ತವೆ. ನನ್ನ ಮಿತ್ರರ ಬುರುಡೆಯ ಮುರಿದ ಮೂಗಿನಲ್ಲಿಯೂ ಅವಿದ್ದುವು.

ಇಷ್ಟಾದರೂ ಈ ವಸ್ತುಗಳ ಮೇಲಿನ ಮೋಹಕ್ಕೆ ನಮ್ಮ ಜನರನ್ನು ಬೈಯುವುದಕ್ಕೆ ನನಗೆ ನಾಲಗೆ ಬಾರದು. ಕೃಷ್ಣಮೃಗವು ಸ್ವಚ್ಛಂದವಾಗಿ ಸಂಚರಿಸುವ ನೆಲವೇ ಯಜ್ಞಯೋಗ್ಯವಾದ ನೆಲವೆಂದು ಸ್ಮೃತಿಕಾರರು ಹೇಳಿದರು. ಸೋಮಯಾಗದಲ್ಲಿ ದೀಕ್ಷೆ ಹೊತ್ತ ಯಜಮಾನನು ಮೈ ತುರಿಸಿದರೆ ಉಗುರು ಹಚ್ಚದೆ ಕೃಷ್ಣಮೃಗದ ಕೋಡಿನಿಂದಲೇ ಕೆರೆದುಕೊಳ್ಳತಕ್ಕದ್ದೆಂಬ ವಿಧಿಯಿತ್ತು. ಉಪನಯನದಲ್ಲಿ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ ಚೂರನ್ನು ಕಟ್ಟುವ ಪದ್ಧತಿ ನಮ್ಮ ಕಾಲದವರೆಗೂ ಬಂದಿತು. ಸಂಚಾರಿ ಫಕೀರರು ಎರಡು ಚಿಗರಿ ಕೋಡುಗಳನ್ನು ಬುಡಕ್ಕೆ ಬುಡ ಸೇರಿಸಿ ಕಟ್ಟಿ ಆಯುಧವಾಗಿಯೂ ಆಧಾರವಾಗಿಯೂ ಹಿಡಿಯುತ್ತಿದ್ದರು. ವೈದ್ಯರ ಪೆಟ್ಟಿಗೆಯಲ್ಲಿ ಶೃಂಗಭಸ್ಮ. ಮನೆಯ ಮುದುಕಿಯರಲ್ಲಿ ಬಾವಿಗೆ ತೇಯ್ದು ಹಚ್ಚಲು ಒಂದು ತುಂಡು ಕೋಡು. ಧರ್ಮ, ವೈದ್ಯ, ಶೃಂಗಾರ ಮೂರಕ್ಕೂ ಬೇಕಾದ ವಸ್ತು ಇದು.

ಅರಸರ ಕಾಲದ ಕಥೆ ಇನ್ನೊಂದು ಬಗೆಯದು. ಇಂದು ಒಂದೇ ಜಿಲ್ಲೆಯಾಗಿರುವ ಈ ಸೀಮೆ ಸ್ವಾತಂತ್ರ್ಯಪೂರ್ವದಲ್ಲಿ ಚಿಂದಿಚಿಂದಿಯಾಗಿತ್ತು: ಗದಗವು ಇಂಗ್ಲಿಷರ ಧಾರವಾಡ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರವು ಮೀರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ಬೇಟೆಯಾಡುವ ಹಕ್ಕು ಆಯಾ ದೊರೆಯ ಮರ್ಜಿಗೆ ಸೇರಿದ್ದು. ಕೊಲ್ಲಾಪುರದ ದರಬಾರಿನಲ್ಲಿ ಚಿಗರಿ ಬೇಟೆಗೆಂದೇ ಶಿವಂಗಿಗಳನ್ನು (ಚೀತಾಗಳನ್ನು) ಸಾಕಿದ್ದರು. ದೇಶದ ಶಿವಂಗಿ ಅಪೂರ್ವವಾದಾಗ ಆಫ್ರಿಕದಿಂದ ತರಿಸಿಕೊಂಡರು. ಅತ್ತ ಮೈಸೂರಿನಲ್ಲಿ ವಾನ್ ಇಂಗೆನ್ ಎಂಬ ಮನೆತನದವರು ಬೇಟೆಯ ಹುಲಿ ಚಿರತೆಗಳ ಚರ್ಮಕ್ಕೆ ಒಳತುಂಬಿ ಜೀವಂತವೆಂಬಂತೆ ನಿಲ್ಲಿಸುವ ಕಾರ್ಖಾನೆಯನ್ನು ನಡೆಸಿ ಲೋಕಪ್ರಸಿದ್ಧರಾದರು. 1999ರಲ್ಲಿ ಅದು ಮುಚ್ಚಿತು. ಪುಲಿಗೆರೆಯೆಂಬ ಪ್ರಾಚೀನ ನಾಮದಲ್ಲಿ ಹುಲಿಯ ಹೆಸರನ್ನು ಉಳಿಸಿಕೊಂಡ ಲಕ್ಷ್ಮೇಶ್ವರದಲ್ಲಿ ಈಗ ಹುಲಿಯೂ ಇಲ್ಲ, ಶಿವಂಗಿಯೂ ಇಲ್ಲ. ಓಟದಲ್ಲಿ ಶಿವಂಗಿಯನ್ನು ತಪ್ಪಿಸಿಕೊಳ್ಳಲೆಂದೇ ಹುಟ್ಟಿದಂತಿರುವ ಚಿಗರಿ ಮಾತ್ರ, ಅಟ್ಟಿಸಿಕೊಂಡು ಬರುವವರಿಲ್ಲದಿದ್ದರೂ, ಕಡಲೆಯ ಹೊಲದಲ್ಲಿ ಇನ್ನೂ ನೆಗೆನೆಗೆದು ಓಡುತ್ತಿದೆ. ಹುಬ್ಬಳ್ಳಿ ಧಾರವಾಡಗಳ ನಡುವೆ ಓಡುವ ವೇಗದ ಬಸ್ಸಿಗೆ ಅದರ ಹೆಸರನ್ನಿಟ್ಟವರ ರಸಿಕತೆಯನ್ನು ಮೆಚ್ಚಬೇಕು.

ಅಜ್ಜಂದಿರ ಕಾಲದಿಂದ ಗೋಡೆಯಲ್ಲಿರುವ ಕೋಡುಗಳ ಗತಿಯೇನೆಂದು ಕೇಳುವವರುಂಟು. ಕಾಯ್ದೆ ಜಾರಿಗೆ ಬಂದಾಗ, ಮುಖ್ಯವಾದ ಅನುಸೂಚಿಗಳ ಪ್ರಾಣಿಗಳ ಅವಶೇಷಗಳನ್ನು ಉಳ್ಳವರು 30 ದಿನಗಳೊಳಗೆ ಘೋಷಿಸಿ ಒಡೆತನದ ಪ್ರಮಾಣಪತ್ರ ಪಡೆಯಬೇಕೆಂದಿತ್ತು. ಎಷ್ಟು ಜನರಿಗೆ ಆ ಸುದ್ದಿ ಮುಟ್ಟಿತೋ ದೇವರೇ ಬಲ್ಲ. 2003ರಲ್ಲಿ ಮತ್ತೊಮ್ಮೆ 180 ದಿನಗಳ ಅವಕಾಶ ತೆರೆದು ಮುಚ್ಚಿತು. ಪ್ರಮಾಣಪತ್ರವಿದ್ದವನು ತೀರಿಕೊಂಡರೆ ವಾರಸುದಾರನು 90 ದಿನಗಳೊಳಗಾಗಿ ತನ್ನ ಘೋಷಣೆಯನ್ನು ಸಲ್ಲಿಸಬೇಕು. ಪ್ರಮಾಣಪತ್ರವಿದ್ದರೂ ಮಾರಲು ಬಾರದು. ಪತ್ರವಿದ್ದು ಇಟ್ಟುಕೊಳ್ಳಲು ಮನಸ್ಸಿಲ್ಲದವರು ಪ್ರತಿಫಲವಿಲ್ಲದೆ ಸರಕಾರಕ್ಕೆ ಒಪ್ಪಿಸಲು 2022ರ ತಿದ್ದುಪಡಿಯು ದಾರಿ ಮಾಡಿದೆ. ಪತ್ರವೇ ಇಲ್ಲದ ಮನೆಗಳ ಪಾಡು ಕರ್ನಾಟಕದಲ್ಲಿ ಹೊರಬಿದ್ದುದು ಒಂದು ವಿಚಿತ್ರ ಪ್ರಸಂಗದಿಂದ. 2023ರ ಅಕ್ಟೋಬರಿನಲ್ಲಿ ದೂರದರ್ಶನ ವಾಹಿನಿಯೊಂದರ ಆಟದ ಮನೆಯೊಳಗಿದ್ದ ಸ್ಪರ್ಧಿಯೊಬ್ಬನ ಕೊರಳಲ್ಲಿ ಹುಲಿಯುಗುರಿನ ಪದಕವು ನಾಡಿಗೆಲ್ಲ ಕಾಣಿಸಿ, ಅರಣ್ಯಾಧಿಕಾರಿಗಳು ಅಲ್ಲಿಂದಲೇ ಅವನನ್ನು ಕರೆದೊಯ್ದರು. ಅದರ ಮಾರನೆಯ ದಿನದಿಂದ, ಮಕ್ಕಳ ಕೊರಳಿಗೆ ದೃಷ್ಟಿಯಾಗದಿರಲೆಂದು ಕಟ್ಟಿದ ಉಗುರು, ಪಡಸಾಲೆಯ ಕೋಡು, ಪೂಜೆಯ ಚರ್ಮ ಇವೆಲ್ಲವುಗಳ ಒಡೆಯರಿಗೆ ನಿದ್ದೆ ಹತ್ತದಾಯಿತು. 2024ರ ಜನವರಿಯಲ್ಲಿ ರಾಜ್ಯ ಸರಕಾರವು ಇಂಥವುಗಳನ್ನು ಮರಳಿಸಲು ಮೂರು ತಿಂಗಳ ಗಡುವು ಕೊಟ್ಟಿತು.

ಸರಕಾರವಾದರೂ ಈ ಎಲುಬುಗಳನ್ನು ಕೂಡಿಟ್ಟು ಏನು ಮಾಡೀತು? ಮಾರಬಹುದಲ್ಲ, ಬಂದ ಹಣದಿಂದ ಬೆಳೆನಷ್ಟಕ್ಕೆ ಪರಿಹಾರ ಕೊಡಬಹುದಲ್ಲ ಎಂದು ನನ್ನ ಮಿತ್ರರು ಕೇಳಿದರು. ಹಾಗೆ ಮಾಡುವ ದೇಶಗಳಿವೆ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳಿಗಾಗಿ ಮೀಸಲಾದ ಆಶ್ರಯಧಾಮವೊಂದಿದ್ದು, ಅಲ್ಲಿ ಉದುರಿದ ಕೋಡುಗಳನ್ನು ಸ್ಕೌಟ್ ಹುಡುಗರು ಆಯ್ದು ತಂದು, ವರ್ಷಕ್ಕೊಮ್ಮೆ ಪೇಟೆಯಲ್ಲಿ ಹರಾಜು ಹಾಕಿ, ಬಂದ ಹಣದ ಹೆಚ್ಚು ಪಾಲನ್ನು ಆಶ್ರಯಧಾಮಕ್ಕೇ ಕೊಡುತ್ತಾರೆ. ಅದೇ ದೇಶದಲ್ಲಿ 1918ರ ಒಂದು ಕಾನೂನಿನಿಂದಾಗಿ, ನೆಲದ ಮೇಲೆ ಬಿದ್ದ ಕಾಡುಹಕ್ಕಿಯ ಗರಿಯೊಂದನ್ನು ಎತ್ತಿಟ್ಟುಕೊಳ್ಳುವುದು ಅಪರಾಧವೆಂಬುದನ್ನೂ ಹೇಳಬೇಕು. ಅವರಲ್ಲಿ ಕೋಡಿಗೆ ಸಲುಗೆ, ಗರಿಗೆ ಕಾವಲು. ನಮ್ಮಲ್ಲಿ ನವಿಲುಗರಿಗೆ ಸಲುಗೆ, ಕೋಡಿಗೆ ಕಾವಲು. ಎಲ್ಲಿ ಯಾವುದಕ್ಕಾಗಿ ಪ್ರಾಣಿಯನ್ನು ಕೊಂದರೋ ಅದರ ಮೇಲೆ ಅಲ್ಲಿಯ ಕಾನೂನಿನ ಕಣ್ಣು. ಮಹಿಳೆಯರ ಟೊಪ್ಪಿಗೆಯ ಗರಿಗಾಗಿ ಅವರು ಬೆಳ್ಳಕ್ಕಿಗಳನ್ನು ಹಿಂಡುಹಿಂಡಾಗಿ ಕೊಂದಿದ್ದರು. ನಾವು ಕೋಡು, ಚರ್ಮ, ಉಗುರುಗಳಿಗಾಗಿ ಕೊಂದೆವು. ಭಾರತವು ಆರಿಸಿಕೊಂಡುದು ಮಾರಾಟದ ದಾರಿಯನ್ನಲ್ಲ. 2021ರ ಸೆಪ್ಟೆಂಬರಿನಲ್ಲಿ ಅಸ್ಸಾಮ್ ಸರಕಾರವು ತನ್ನ ಖಜಾನೆಗಳಲ್ಲಿ ದಶಕಗಳಿಂದ ಕೂಡಿಬಿದ್ದಿದ್ದ ಘೇಂಡಾಮೃಗದ 2,479 ಕೋಡುಗಳನ್ನು ಬಹಿರಂಗವಾಗಿ ಚಿತೆಗೆ ಹಾಕಿ ಸುಟ್ಟಿತು. ಸರಕಾರವೇ ಅಂಗಡಿ ತೆರೆದರೆ ಬಚ್ಚಿಟ್ಟ ಮಾಲು ಆ ಅಂಗಡಿಯ ರಸೀತಿಯ ಮರೆಯಲ್ಲಿ ರಾಜಮಾರ್ಗವಾಗಿ ಓಡಾಡೀತೆಂಬ ಭಯ ನಿರಾಧಾರವಾದುದಲ್ಲ. ಬಿಂಕದಕಟ್ಟಿಯದರಂಥ ಪ್ರಾಣಿಸಂಗ್ರಹಾಲಯಗಳಲ್ಲಿ ಕಟಾಂಜನದೊಳಗಿನ ಜಿಂಕೆ ಉದುರಿಸಿದ ಕೋಡು ಕೂಡ ಕಾವಲುಗಾರನದಾಗದೆ ಸರಕಾರದ್ದೇ ಆಗುವುದು ಈ ಕಾರಣದಿಂದಲೇ.

ಇಷ್ಟೆಲ್ಲವನ್ನೂ ಒಪ್ಪಿಕೊಂಡರೂ ನನ್ನ ಮನಸ್ಸಿನಲ್ಲಿ ಒಂದು ಅಸಮಾಧಾನ ಉಳಿದೇ ಇದೆ. ಸಾಕ್ಷಿಯಾಗಲು ಬರುವವನಿಗೆ ಬಾಗಿಲು ತೆರೆದಿರಬೇಕು. ಹೆಸರಿನ ಬೆಳೆಯನ್ನು ಕಳೆದುಕೊಂಡ ಒಕ್ಕಲಿಗನು, ಬುರುಡೆಯೊಂದನ್ನು ಚೀಲದಲ್ಲಿ ಹಾಕಿಕೊಂಡು, ಕೆಲಸ ಬಿಟ್ಟು, ಬಸ್ಸು ಹಿಡಿದು ತಾಲೂಕಿಗೆ ಹೋದರೆ ಹಾದಿಯಲ್ಲಿಯೇ ಸಿಕ್ಕಿಬಿದ್ದೇನೆಂದು ಹೆದರುತ್ತಾನೆ. ಹೋಗದಿದ್ದರೆ 48 ಗಂಟೆ ಮುಗಿಯುತ್ತದೆ. ಮುಗಿದ ಮೇಲೆ ಮತ್ತಷ್ಟು ಹೆದರುತ್ತಾನೆ. ಗ್ರಾಮಪಂಚಾಯತಿಯ ಗೋಡೆಯ ಮೇಲೆ ಉದ್ಯೋಗ ಖಾತ್ರಿಯ ಕೂಲಿಯ ದರವನ್ನೂ ಡೆಂಗ್ಯೂ ಸೊಳ್ಳೆಯ ಚಿತ್ರವನ್ನೂ ಬರೆಯಿಸುವವರು ಇದನ್ನೂ ನಾಲ್ಕು ಸಾಲಿನಲ್ಲಿ ಬರೆಯಿಸಿದರೆ ಸುಣ್ಣವೇನೂ ಸವೆಯುವುದಿಲ್ಲ: ಸಿಕ್ಕಿದ್ದನ್ನು ಎತ್ತಬೇಡಿ, ಇದ್ದಲ್ಲಿಯೇ ಬಿಡಿ, ಗಾರ್ಡಿಗೆ ಫೋನು ಮಾಡಿ. ಎತ್ತದೆ ಇದ್ದಲ್ಲಿಯೇ ಬಿಡುವುದರಲ್ಲಿ ಇನ್ನೊಂದು ಪ್ರಯೋಜನವೂ ಇದೆ. ಬುರುಡೆ ಮೂಕವಾದರೂ ಅದರ ಸುತ್ತಿನ ನೆಲ ಅಷ್ಟು ಮೂಕವಲ್ಲ. ಉರುಲಿನ ತಂತಿ, ಬೇಲಿಯ ಸುಟ್ಟ ಗುರುತು, ಲಾರಿಯ ಹಾದಿಯ ದೂರ, ಚದುರಿದ ಎಲುಬುಗಳ ಮೇಲಿನ ಹಲ್ಲು, ಇವನ್ನೆಲ್ಲ ನೋಡಬಲ್ಲ ಕಣ್ಣು ಬಂದು ನೋಡುವುದು ಸಾಧ್ಯವಾಗುತ್ತದೆ.

ನನ್ನ ಮಿತ್ರರ ಬುರುಡೆಗೆ ಆ ಅವಧಿ ಎಂದೋ ಮುಗಿದುಹೋಗಿತ್ತು. "ಈಗ ಒಯ್ದು ಕೊಟ್ರ ನನ್ನನ್ನ ಹಿಡಿದು ಕೂಡಸ್ತಾರೋ ಏನೋ" ಎಂದು ಎರಡು ವಾರ ಮೀನಮೇಷ ಎಣಿಸಿದರು. ಕೊನೆಗೆ ಪರಿಚಯದ ವಕೀಲರೊಬ್ಬರಿಂದ ನಡೆದುದನ್ನು ನಡೆದಂತೆ ಒಂದು ಅರ್ಜಿಯಲ್ಲಿ ಬರೆಯಿಸಿ, ಮೊದಲು ಫೋನಿನಲ್ಲಿ ತಿಳಿಸಿ, ಇಬ್ಬರೂ ಕೂಡಿ ಅರಣ್ಯ ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿಗಳು ಪಂಚನಾಮೆ ಬರೆದುಕೊಂಡು, ಟೇಪು ಹಿಡಿದು ಕೋಡಿನ ಉದ್ದವನ್ನು ಅಳೆದು, ಸಿಕ್ಕ ಹೊಲದ ಸರ್ವೆ ನಂಬರನ್ನು ಕೇಳಿ, ಇನ್ನು ಮೇಲೆ ಹೀಗೆ ಮಾಡಬೇಡಿರೆಂದು ಹೇಳಿ, ರಸೀತಿ ಕೊಟ್ಟರು. ಎಲ್ಲ ಕಡೆಯಲ್ಲಿಯೂ ಎಲ್ಲರಿಗೂ ಹೀಗೆಯೇ ಆದೀತೆಂದು ನಾನು ಭರವಸೆ ಕೊಡಲಾರೆ. ಕಾಯ್ದೆಯು ಅಂಥ ಭರವಸೆಯನ್ನು ಕೊಟ್ಟಿಲ್ಲ. ಕಳಚಿಬಂದ ಬಲಗೋಡನ್ನು ಅವರು ಮತ್ತೆ ಅದರ ಎಲುಬಿನ ಗೂಟಕ್ಕೆ ತೊಡಿಸಿ, ಸುತಳಿ ಕಟ್ಟಿ, ಚೀಟಿ ಅಂಟಿಸಿದರು.

ಈ ಮುಂಗಾರಿನಲ್ಲಿ ಒಂದು ದಿನ ಬೆಳಿಗ್ಗೆ ಅವರ ಫೋನು ಬಂತು. ಶೇಂಗಾದ ಹೊಲದ ಬದುವಿನಲ್ಲಿ ಮತ್ತೊಂದು ಬುರುಡೆ ಕಂಡಿತ್ತಂತೆ. ಈ ಸಲ ಕೋಡು ಸಣ್ಣವು, ಎಳೆಯ ಗಂಡು. ನಾಯಿ ಎಳೆದುಕೊಂಡು ಹೋಗದಿರಲೆಂದು ಮೇಲೆ ಒಂದು ಹಳೆಯ ಬುಟ್ಟಿಯನ್ನು ಬೋರಲು ಹಾಕಿ, ಬುಟ್ಟಿಯ ಮೇಲೆ ಕಲ್ಲು ಹೇರಿ ಬಂದಿದ್ದರು. ಗಾರ್ಡಿಗೆ ಹೇಳಿಯಾಗಿತ್ತು, ಆತ ಮಧ್ಯಾಹ್ನ ಬರುವೆನೆಂದಿದ್ದ.

"ಕೈ ಹಚ್ಚಿಲ್ರಿ ಸರ," ಎಂದರು. "ನಿನ್ನಿ ಹೊತ್ತು ಮುಳುಗೂ ಮುಂದ ಕಂಡೈತಿ. ನಾಳಿ ಹೊತ್ತು ಮುಳುಗೂತನಕ ಲೆಕ್ಕ ಐತೆಲ್ರಿ?"